ಮತ್ತೆ ಒಂದರಿಂದ

ಬೆರಳೆತ್ತುತ್ತೇನೆ.
ಕೋಣೆ ಸುಮ್ಮನಾಗುತ್ತದೆ.
ಬಾಗಿಲಿಗೊರಗಿದ ಅತ್ತೆ, ಕಾರ್ಡು ಹಿಡಿದು ಬೆಂಚಿನಲ್ಲಿ ಕೂತ ನಾಲ್ವರು,
ಹೊರಗೆ ಬೈಕಿನ ಮೇಲೆ ಕಡಲೆ ಅಗಿಯುತ್ತಿದ್ದ ಗಂಡ ಕೂಡ.
ಗುತ್ಯಮ್ಮನ ಹೊಟ್ಟೆಗೆ ಕೊಳವೆ ಊರಿ
ಕಿವಿ ಇಟ್ಟಿದ್ದೇನೆ. ಎಡಗೈಯಲ್ಲಿ ಗಡಿಯಾರ.

ನೂರಾ ಎಂಟು. ನೂರಾ ಒಂಬತ್ತು.
ನೂರಾ ಹ

ಬಂತು.
ಮೊದಲು ಔಷಧಿ ಕಪಾಟಿನ ಗಾಜು ಹಲ್ಲು ಕಡಿಯುತ್ತದೆ,
ಆಮೇಲೆ ತಗಡು, ಆಮೇಲೆ ನನ್ನ ದವಡೆ.
ಹರಳಿಕೆರೆ ಕ್ಯಾಂಪಿನ ಅರವತ್ತು ಮನೆಗಳ ನೆತ್ತಿ ಸವರಿ
ಸೋಗಾನೆ ಕಡೆಗೆ ಇಳಿಯುವ ಹನ್ನೆರಡು ಹತ್ತರದ್ದು.
ಗಾಲಿ ಇಳಿಬಿಟ್ಟು, ಗಬ್ಬದ ಎಮ್ಮೆ
ಕೆರೆಗೆ ಕಾಲಿಡುವ ಹಾಗೆ, ಅಷ್ಟು ನಿಧಾನ.

ಕೊಳವೆಯೊಳಗೂ ಅದೇ.
ಮಗು ಎಲ್ಲಿ, ವಿಮಾನ ಎಲ್ಲಿ, ಹೇಳಲಾರೆ.
ಕಾಯುತ್ತೇನೆ. ಮತ್ತೆ ಒಂದರಿಂದ.

ಹದಿನಾರು ವರ್ಷದ ಹಿಂದೆ ಈ ಸಬ್‌ಸೆಂಟರಿಗೆ ಬಂದಾಗ
ಇಲ್ಲಿದ್ದ ಸದ್ದುಗಳನ್ನು ಬೇಕಾದರೆ ಬರೆದು ಕೊಡುತ್ತೇನೆ:
ನಾಲೆಗೆ ನೀರು ಬಿಟ್ಟದ್ದು, ಹಿಟ್ಟಿನ ಗಿರಣಿ,
ಹುಚ್ಚರಾಯಪ್ಪನ ಕೆಮ್ಮು.
ಹೃದಯದ ಬಡಿತ ಕೇಳಲು
ಯಾರನ್ನೂ ಗದರಬೇಕಿರಲಿಲ್ಲ.

ಅರ್ಜಿ ಹೋಯಿತು. ಸಹಿ ಮೂವತ್ತೊಂದು, ಹೆಬ್ಬೆಟ್ಟು ಹದಿನಾಲ್ಕು.
ಜೀಪಿನಲ್ಲಿ ಇಬ್ಬರು ಬಂದರು, ಸದ್ದು ಅಳೆಯುವ ಯಂತ್ರ ತಂದರು,
ನಮ್ಮ ನೀರಿನ ತೊಟ್ಟಿಯ ಮೇಲಿಟ್ಟು ಮೂರು ತಾಸು ಕೂತರು.
ಅವತ್ತು ಮಂಗಳವಾರ.
ಮಂಗಳವಾರ ಹನ್ನೆರಡು ಹತ್ತರದ್ದು ಇಲ್ಲ,
ಕ್ಯಾಂಪಿನ ಕೂಸುಕುನ್ನಿಗೂ ಗೊತ್ತು.
ಐವತ್ತೆರಡು ಎಂದು ಬರೆದುಕೊಂಡರು.
ಅದು ಹಾಲೇಶಿಯ ಹುಂಜದ್ದು ಎಂದೆ.
ನಕ್ಕರು, ಟೀ ಕುಡಿದರು, ಹೋದರು.

ಗುತ್ಯಮ್ಮ ಅರ್ಜಿಗೆ ಸಹಿ ಹಾಕಿರಲಿಲ್ಲ.
ಕಾರಣ ಕೇಳಿದರೆ ಸೀರೆ ಸರಿಮಾಡಿಕೊಳ್ಳುತ್ತಾ,
‘ನಾ ಹೊತ್ತ ಜಲ್ಲಿ ಮೇಲೇ ಇಳೀತದೆ ಕಣ್ರೀ ಸಿಸ್ಟರೇ.
ಎರಡು ಬೇಸಿಗೆ. ಕೂಲಿ ಒಂದು ದಿನ ತಪ್ಪಿಸ್ಲಿಲ್ಲ.’
ಸ್ವಲ್ಪ ಹೊತ್ತು ಬಿಟ್ಟು,
‘ನಿದ್ದೆ ಕೆಡ್ತದೆ, ಅದೂ ಖರೆ.’

ವಿಮಾನ ದಾಟಿದ ಮೇಲೆ ಎಣಿಸಿದರೆ
ನೂರಾ ಮೂವತ್ತೆಂಟು ಇದ್ದದ್ದು ನೂರಾ ಅರವತ್ತಾರು.
ಒಳಗಿದ್ದದ್ದು ಬೆಚ್ಚಿದೆ, ಅಥವಾ
ಯಾರು ಹೋದದ್ದು ಎಂದು ಕೇಳುತ್ತಿದೆ.
ತಾಯಿ ಕಾರ್ಡಿನಲ್ಲಿ ತೂಕಕ್ಕೆ ಮನೆ ಇದೆ,
ರಕ್ತಕ್ಕೆ, ಬಿ.ಪಿ.ಗೆ, ಕಬ್ಬಿಣದ ಮಾತ್ರೆಗೆ.
ಇದಕ್ಕೆ ಇಲ್ಲ.
ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿಟ್ಟೆ: ವಿ. ನಂತರ, 166.
ಮೇಲಿನವರು ‘ವಿ.’ ಅಂದರೆ ವಿಟಮಿನ್ನೇ ಎಂದು ಕೇಳಿದರು.

ಹೆರಿಗೆ ಮೆಗ್ಗಾನಿನಲ್ಲಾಯಿತು. ಹೆಣ್ಣು. ಎರಡು ಕಿಲೋ ಏಳುನೂರು.
ಏಳನೇ ದಿನ ನೋಡಲು ಹೋದಾಗ
ತಲೆಯ ಮೇಲೆ ಅದು ಹಾದುಹೋಯಿತು, ಗೂಡಿನ ಲೋಟ ಬಿತ್ತು,
ನನ್ನ ಹೆಗಲು ಕಿವಿಗೇರಿತು.
ಕೂಸು ಮೊಲೆ ಬಾಯಲ್ಲಿಟ್ಟುಕೊಂಡೇ
ತೂಕಡಿಸುತ್ತಿತ್ತು.

ಆಮೇಲೆ ಒಂದು ದಿನ ಫೋನು:
ಅಳು ನಿಲ್ಲಿಸುತ್ತಿಲ್ಲ, ಹಾಲು ಹಿಡಿಯುತ್ತಿಲ್ಲ.
ಹೋದೆ. ಜ್ವರವಿಲ್ಲ. ಹೊಟ್ಟೆ ಮೆತ್ತಗಿದೆ.
ಬಟ್ಟೆಯಲ್ಲಿ ಇರುವೆ ಹುಡುಕಿದೆ, ಇಲ್ಲ.
ಅತ್ತೆ ಆಗಲೇ ಉಪ್ಪು ಮೆಣಸು ನಿವಾಳಿಸಿ ಒಲೆಗೆ ಹಾಕಿ ಆಗಿತ್ತು.
‘ಹೋದ ವಾರಾನೂ ಹಿಂಗೇ ರೀ, ಇದೇ ಹೊತ್ತಿಗೆ.
ಮಂಗಳವಾರದ ದೃಷ್ಟಿ ಕೆಟ್ಟದ್ದು.’

ಮಂಗಳವಾರ.
ಗಡಿಯಾರ ನೋಡಿದೆ. ಹನ್ನೆರಡೂವರೆ.
ಗುತ್ಯಮ್ಮ ನನ್ನ ಮುಖ ನೋಡಿದಳು, ನಾನು ತಗಡು ನೋಡಿದೆ.
ತಗಡು ತೆಪ್ಪಗಿತ್ತು.
ಕೂಸು ಕೆಂಪಗೆ ಅಳುತ್ತಲೇ ಇತ್ತು,
ನನ್ನ ಬೆರಳು ಅದಾಗಲೇ ಮೇಲೆದ್ದಿತ್ತು
ಯಾರನ್ನು ಸುಮ್ಮನಿರಿಸಬೇಕೋ ತಿಳಿಯದೆ.